ಬೆಂಚಿನಲ್ಲಿ ಕೂತ ಗೋಲ್‌ಕೀಪರ್‌ಗೆ ಕಾಲ ಮಿಂಚಿಲ್ಲ

ವಾಸ್ಕೋ ಹತ್ತಿರದ ಝುವಾರಿನಗರದಿಂದ ತಾಯಿಯೊಬ್ಬರು ಬರೆದಿದ್ದಾರೆ: "ನಾವು ಬಾದಾಮಿ ಕಡೆಯವರು. ಮಗನಿಗೆ 20 ವರ್ಷ. ಹಗಲು ವೆರ್ಣಾದ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಫುಟ್‌ಬಾಲ್ ಕ್ಲಬ್. ಅವನು ಗೋಲ್‌ಕೀಪರ್. ಈ ಸೀಸನ್‌ನಲ್ಲಿ ಆಡಿದ್ದು ಎರಡೇ ಮ್ಯಾಚು, ಉಳಿದದ್ದೆಲ್ಲ ಬೆಂಚು. ಎರಡನೆಯದರಲ್ಲಿ ಬಾಲು ಕೈಜಾರಿ ಗೋಲಾಯ್ತು. ಆವತ್ತಿನಿಂದ ಸರಿಯಾಗಿ ಮಾತಿಲ್ಲ. ಕ್ಲಬ್‌ನವರು ಒಂದು ತಿಂಗಳು ದುಡ್ಡು ಕೊಟ್ಟರೆ ಇನ್ನೊಂದು ತಿಂಗಳು ಇಲ್ಲ. ಆಟ ಬಿಡು ಅಂತ ಅವರಪ್ಪ, ಕೆಲಸ ಬಿಡ್ತೀನಿ ಅಂತ ಅವನು. ನಾನು ಯಾರ ಕಡೆ ಮಾತಾಡಲಿ?"

ಅಕ್ಕಾ, ಸದ್ಯಕ್ಕೆ ಎರಡನ್ನೂ ಬಿಡಿಸಬೇಡಿ.

ಎರಡೇ ಮ್ಯಾಚು ಅಂತ ನೊಂದುಕೊಂಡಿದ್ದೀರಿ. ಗೋಲ್‌ಕೀಪರ್ ಪಾಡೇ ಹಾಗೆ. ಫಾರ್ವರ್ಡ್ ಹುಡುಗನನ್ನು ಕೊನೆಯ ಹತ್ತು ನಿಮಿಷಕ್ಕಾದರೂ ಇಳಿಸ್ತಾರೆ. ಕೀಪರ್‌ನನ್ನು ಸುಮ್ಸುಮ್ನೆ ಬದಲಿಸೋದಿಲ್ಲ. ಮೊದಲನೆಯವನಿಗೆ ಪೆಟ್ಟಾಗಬೇಕು, ಇಲ್ಲಾ ರೆಡ್ ಕಾರ್ಡ್ ಬೀಳಬೇಕು. ಹಾಗಂತ ಈ ಜಾಗದಲ್ಲಿ ವಯಸ್ಸೂ ಬೇಗ ಮುಗಿಯೋದಿಲ್ಲ. ಇಟಲಿಯ ಡೀನೋ ಜೋಫ್ 1982ರಲ್ಲಿ ವಿಶ್ವಕಪ್ ಎತ್ತಿದಾಗ ಅವರಿಗೆ 40. ಇಪ್ಪತ್ತಕ್ಕೆ ನಿಮ್ಮ ಮಗ ಇನ್ನೂ ಕಲಿಯೋ ಹುಡುಗ.

ಕೈಜಾರಿದ ಗೋಲಿನ ಬಗ್ಗೆ ಅವನ ಹತ್ತಿರ ಒಂದು ಹೆಸರು ಎತ್ತಿ: ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದ ಹುಡುಗ. 2015ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಮಡಗಾಂವ್‌ನ ಫಾತೋರ್ಡಾ ಮೈದಾನದಲ್ಲಿ ನಡೆಯಿತು. ಕಟ್ಟಿಮನಿ ಆಡುತ್ತಿದ್ದ ಎಫ್‌ಸಿ ಗೋವಾ, ಚೆನ್ನೈನ ಚೆನ್ನೈಯಿನ್ ತಂಡದ ಎದುರು 2-1 ಮುಂದಿತ್ತು. ಪಂದ್ಯ ಮುಗಿಯೋ ಹೊತ್ತಿಗೆ ಬಾಲು ಕಟ್ಟಿಮನಿ ಕೈಯಿಂದಲೇ ಅವರ ಬಲೆಗೆ ಹೋಯಿತು, ಸ್ವಂತ ಗೋಲು ಅಂತ ದಾಖಲಾಯಿತು. ಮರುಕ್ಷಣವೇ ಚೆನ್ನೈಯಿನ್ ಇನ್ನೊಂದು ಹೊಡೆದು ಕಪ್ ಒಯ್ದಿತು. ತವರಿನ ಜನರ ಕಣ್ಣೆದುರೇ ಹೀಗಾದರೆ ಯಾರು ತಡೆದುಕೊಳ್ತಾರೆ ಹೇಳಿ? ಅವರು ತಡೆದುಕೊಂಡರು. 2022ರ ಮಾರ್ಚ್‌ನಲ್ಲಿ ಅದೇ ಫಾತೋರ್ಡಾ, ಮತ್ತೆ ಫೈನಲ್. ಈ ಸಲ ಹೈದರಾಬಾದ್ ತಂಡಕ್ಕೆ ಕೀಪರ್, ವಯಸ್ಸು 30 ದಾಟಿತ್ತು. ಕೇರಳ ಬ್ಲಾಸ್ಟರ್ಸ್ ವಿರುದ್ಧ 1-1 ಆಗಿ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಹನ್ನೊಂದು ಮೀಟರ್ ದೂರದಿಂದ ಬಂದ ಒದೆತಗಳಲ್ಲಿ ಮೂರನ್ನು ಕಟ್ಟಿಮನಿ ತಡೆದರು, ಹೈದರಾಬಾದ್ 3-1ರಿಂದ ಗೆದ್ದಿತು. ನಡುವೆ ಆರು ವರ್ಷ ಕಳೆದಿತ್ತು. ಆ ಆರು ವರ್ಷದ ಪ್ರಾಕ್ಟೀಸು ಯಾರಿಗೂ ಕಾಣಲಿಲ್ಲ, ಆದರೆ ನಿಮ್ಮ ಮಗ ಈಗ ಮಾಡಬೇಕಾದ್ದು ಅದನ್ನೇ.

ಇನ್ನು ದುಡ್ಡು. ಇಲ್ಲಿ ನಾನು ನಿಮ್ಮ ಯಜಮಾನರ ಕಡೆ. ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾ ನಿಯಮದಲ್ಲಿ ಸೆಮಿ-ಪ್ರೊಫೆಷನಲ್, ಅಂದರೆ ಅರ್ಧ ವೃತ್ತಿ ಅರ್ಧ ಹವ್ಯಾಸ, ಅಂತ ಬೇರೆ ವರ್ಗವೇ ಇಲ್ಲ. ಲಿಖಿತ ಒಪ್ಪಂದ ಇರಬೇಕು, ಆಡಲು ಆಗೋ ಖರ್ಚಿಗಿಂತ ಜಾಸ್ತಿ ದುಡ್ಡು ಸಿಗಬೇಕು. ಆಗಲೇ ಅವನು ಪ್ರೊಫೆಷನಲ್, ಇಲ್ಲದಿದ್ದರೆ ಹವ್ಯಾಸಿ. ಹಾಗಾಗಿ ಮೊದಲು ಕೇಳಬೇಕಾದ್ದು ಕಾಗದ. ಎಷ್ಟು ಸಂಬಳ, ಯಾವ ತಾರೀಕಿಗೆ, ಪೆಟ್ಟಾದರೆ ಖರ್ಚು ಯಾರದು ಅಂತ ಬರೆದಿರಬೇಕು. ಸಹಿಯಾದ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. "ನಮ್ಮ ಹುಡುಗ ಅಲ್ವಾ, ಕಾಗದ ಯಾಕೆ" ಅನ್ನೋ ಮಾತಿಗೆ ಮಾತ್ರ ಕರಗಬೇಡಿ.

ವೆರ್ಣಾದ ಕೆಲಸ ಯಾಕೆ ಬಿಡಬಾರದು ಅಂದರೆ, ಕೀಪರ್ ಬೀಳೋದು ಬೆರಳು, ಭುಜ, ಮೊಣಕಾಲಿನ ಮೇಲೆ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ ಆಗುತ್ತಿದ್ದರೆ ಆ ಚಿಕಿತ್ಸೆಗೆ ಒಂದು ದಾರಿ ಇದೆ. ಶಿಫ್ಟ್ ಬದಲಿಸಿ ಕೊಡ್ತಾರಾ ಅಂತ ಸೂಪರ್‌ವೈಸರ್ ಹತ್ತಿರ ಕೇಳಲಿ.

ಇನ್ನೊಂದು ಮಾತು ಅವನಿಗೇ. ದೊಡ್ಡ ಕ್ಲಬ್‌ನ ಬೆಂಚಿಗಿಂತ ಕೆಳಗಿನ ಡಿವಿಷನ್‌ನಲ್ಲಿ ಪ್ರತಿ ಮ್ಯಾಚ್ ಆಡೋದು ಒಳ್ಳೇದು ತಮ್ಮಾ. ಕ್ರಾಸ್, ಅಂದರೆ ಪಕ್ಕದಿಂದ ಗೋಲಿನ ಮುಂದಕ್ಕೆ ಎತ್ತಿ ಒದ್ದ ಬಾಲು, ಬಂದಾಗ ಮುಂದೆ ನುಗ್ಗಬೇಕಾ, ಗೆರೆಯಲ್ಲೇ ನಿಲ್ಲಬೇಕಾ ಅನ್ನೋದು ಪ್ರಾಕ್ಟೀಸ್‌ನಲ್ಲಿ ಅರ್ಧವೇ ಬರುತ್ತದೆ. ಮೈಮೇಲೆ ನಾಲ್ಕು ಜನ ಬಿದ್ದಾಗಲೇ ಉಳಿದರ್ಧ. ಗ್ಲೌಸನ್ನೂ ನೋಡಿಕೊ. ಅಂಗೈಯ ಲ್ಯಾಟೆಕ್ಸ್ ಬಿಸಿಲಿಗೆ ಒಣಗಿಸಿದರೆ ಬಿರಿದು ಹಿಡಿತ ಹೋಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಿಗೆ ಹಾಕು, ಆಡೋ ಮುಂಚೆ ಸ್ವಲ್ಪ ಒದ್ದೆ ಮಾಡಿಕೊ. ಮುಂದಿನ ಸೀಸನ್‌ಗೆ ಸಹಿ ಹಾಕೋ ಮುಂಚೆ ಈ ಕ್ಲಬ್‌ನಲ್ಲಿ ಕೀಪರ್‌ಗಳಿಗೆ ಬೇರೆ ಕೋಚ್ ಇದ್ದಾರಾ ಅಂತ ಕೇಳು. ಇಲ್ಲದಿದ್ದರೆ ಇರೋ ಕಡೆ ಹೋಗು.