‘ಗೇಟಿನ ಹೊರಗೆ ಜನ ಕಾಯುತ್ತಿದ್ದಾರೆ’ ಎಂದರೆ ಏನು ಹೇಳಬೇಕು?

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾಲರ್ ಜೋಡಿಸುವ ನನ್ನ ಮಷಿನ್‌ಗೆ ಗಂಟೆಗೆ 60 ಪೀಸ್ ಇದ್ದ ಟಾರ್ಗೆಟ್ ಈಗ 75 ಆಗಿದೆ. ಶೌಚಾಲಯಕ್ಕೆ ಎದ್ದರೆ ಪೀಸ್ ಹಿಂದೆ ಬೀಳುತ್ತದೆಂದು ನಾವು ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇವೆ. ಕೇಳಿದರೆ, ‘ಆಗದಿದ್ದರೆ ಬಿಟ್ಟು ಹೋಗಮ್ಮ, ಗೇಟಿನ ಹೊರಗೆ ಜನ ಕಾಯುತ್ತಿದ್ದಾರೆ’ ಎಂದು ಸೂಪರ್‌ವೈಸರ್ ಹೇಳುತ್ತಾರೆ. ನಮ್ಮ ಅನುಭವಕ್ಕೆ ಬೆಲೆಯೇ ಇಲ್ಲವೇ?
— ಓದುಗರೊಬ್ಬರು, ಪೀಣ್ಯ

ಉತ್ತರ: ನಿಮ್ಮ ಅನುಭವಕ್ಕೆ ಖಂಡಿತ ಬೆಲೆಯಿದೆ, ಆದರೆ ಒಬ್ಬರೇ ನಿಂತು ಆ ಬೆಲೆಯನ್ನು ವಸೂಲು ಮಾಡುವುದು ಕಷ್ಟ. ಕೂಲಿಯ ಚೌಕಾಶಿಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಕೈಕೆಲಸದ ನೈಪುಣ್ಯಕ್ಕಿಂತ ಹೆಚ್ಚಾಗಿ, ಸಂಬಳವಿಲ್ಲದೆ ಅಥವಾ ಕೆಲಸ ನಡೆಯದೆ ಯಾರು ಎಷ್ಟು ದಿನ ತಾಳಬಲ್ಲರು ಎಂಬುದನ್ನು ಅವಲಂಬಿಸಿದೆ. ನೀವು ಬಿಟ್ಟರೆ ಸಾವಿರ ಜನರ ಕಾರ್ಖಾನೆಯಲ್ಲಿ ಒಂದು ಮಷಿನ್ ಒಂದೆರಡು ದಿನ ಖಾಲಿ ಇರುತ್ತದೆ. ನಿಮಗಾದರೋ ಮನೆ ಬಾಡಿಗೆ, ಸಂಘದ ಸಾಲದ ಕಂತು, ಮಕ್ಕಳ ಫೀಸು ಮುಂದಿನ ತಿಂಗಳೇ ಎದುರಾಗುತ್ತವೆ. ಪಕ್ಕದ ಕಾರ್ಖಾನೆಗೆ ಹೋದರೂ ಸಂಬಳ ಹೆಚ್ಚುಕಡಿಮೆ ಅಷ್ಟೇ. ಇದಕ್ಕಿಂತ ಕಡಿಮೆ ಕೊಡಬಾರದು ಎಂದು ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನವೇ, ಇದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ ಎಂಬ ಮೊತ್ತವಾಗಿ ಕುಳಿತುಬಿಟ್ಟಿದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2016ರ ಏಪ್ರಿಲ್ ನಿಮಗೂ ನೆನಪಿರಬಹುದು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಆ ತಿಂಗಳ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು; 19ರಂದೇ ಸರ್ಕಾರ ನಿಯಮವನ್ನು ಹಿಂಪಡೆಯಿತು. ಪಿಎಫ್ ನಿವೃತ್ತಿಯ ಹಣ, ಇವರಿಗೇಕೆ ಇಷ್ಟು ಅವಸರ ಎಂದು ಆಗ ಹಲವರು ಕೇಳಿದ್ದರು. ಆದರೆ ಗಾರ್ಮೆಂಟ್ಸ್‌ನವರ ಮಟ್ಟಿಗೆ, ಬೈಗುಳ ತಡೆಯಲಾರದೆ ಕೆಲಸ ಬಿಟ್ಟವಳು ಒಂದೆರಡು ತಿಂಗಳು ಸಂಸಾರ ತೂಗಿಸಲು ಇದ್ದ ಏಕೈಕ ಗಂಟು ಅದೇ; ಅದಕ್ಕೆ ಬೀಗ ಹಾಕಿದರೆ ‘ಬಿಟ್ಟು ಹೋಗುತ್ತೇನೆ’ ಎನ್ನುವ ಧೈರ್ಯವೂ ಹೋಗುತ್ತಿತ್ತು.

ಕಾನೂನು ನಮ್ಮ ಪರ ಇದ್ದ ಮಾತ್ರಕ್ಕೆ ಹಣ ಕೈಗೆ ಬರುತ್ತದೆಂದೂ ಹೇಳಲಾಗದು. 2020ರಲ್ಲಿ ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆ ಏರಿಕೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ಹೈಕೋರ್ಟ್ ಕಾರ್ಮಿಕರ ಪರವಾಗಿ ಆದೇಶಿಸಿದ ಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಪಟ್ಟು ಬಿಡದೆ ಹೋರಾಡಿ, ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೂ ಒತ್ತಡ ಬಿದ್ದ ನಂತರ, 2022ರಲ್ಲಷ್ಟೇ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು.

ಸೂಪರ್‌ವೈಸರ್ ಹೇಳದೆ ಬಿಡುವ ಮಾತು ಶಿಪ್‌ಮೆಂಟ್ ತಾರೀಖಿನದು. ನಿಮ್ಮ ಕಾಲರ್ ನಿಂತರೆ ಮುಂದಿನ ಮಷಿನ್‌ಗೆ ಬಟ್ಟೆ ಹೋಗುವುದಿಲ್ಲ, ಹಡಗು ತಪ್ಪಿದರೆ ದುಬಾರಿ ವಿಮಾನ ಸಾಗಣೆಯ ಖರ್ಚು ಕಾರ್ಖಾನೆಯ ತಲೆಗೇ ಬರುತ್ತದೆ. ಆದುದರಿಂದ ಒಬ್ಬರನ್ನು ಹೊರಹಾಕುವುದು ಸುಲಭವಾದರೂ, ಒಂದೇ ಸಾಲಿನಲ್ಲಿ ಕೂತು ಹೊಲಿಯುವ ಇಡೀ ಲೈನನ್ನು ಒಟ್ಟಿಗೆ ಬದಲಿಸುವುದು ಯಾವ ಮಾಲೀಕನಿಗೂ ಸುಲಭವಲ್ಲ. ಹಾಗೆಂದು ಸಿಟ್ಟಿನಲ್ಲಿ ಕೆಲಸ ನಿಲ್ಲಿಸಬೇಡಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ರಜೆ ಹಾಕಿದರೂ ಅದು ಮುಷ್ಕರವೇ. ಅದೇ ಸಂಹಿತೆಯಂತೆ, 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಹಿಳಾ ಪ್ರತಿನಿಧಿಗಳೂ ಇರುವ ಕುಂದುಕೊರತೆ ಸಮಿತಿ ಇರಲೇಬೇಕು. ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘದೊಂದಿಗೆ ಆಡಳಿತ ಮಂಡಳಿ ಮಾತುಕತೆಗೆ ಕೂರಬೇಕು.

ನಾಳೆಯಿಂದಲೇ ಒಂದು ಚಿಕ್ಕ ಪುಸ್ತಕದಲ್ಲಿ ದಿನದ ಟಾರ್ಗೆಟ್, ಆದ ಪೀಸ್, ಎಷ್ಟು ಬಾರಿ ಎದ್ದಿರಿ, ಯಾರು ಏನೆಂದರು ಎಂಬುದನ್ನು ಬರೆದಿಡಿ. ಲೈನಿನ ಇನ್ನೂ ಐದಾರು ಮಂದಿ ಹಾಗೆಯೇ ಬರೆಯಲಿ. ಹದಿನೈದು ದಿನಗಳ ಲೆಕ್ಕವನ್ನು ಸೇರಿಸಿ ಸಮಿತಿಗೆ ಒಂದೇ ಅರ್ಜಿ ಕೊಡಿ. ಸಹಿಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ಹಾಕಿಸದೆ, ಮೊದಲು ಹಾಕಿದವರು ಯಾರೆಂದು ಗೊತ್ತಾಗದಂತೆ ಸುತ್ತಲೂ ಬಳೆಯ ಹಾಗೆ ಹಾಕಿಸಿ.