ಕಾಣೆಯಾದವರನ್ನು ಹುಡುಕುವಲ್ಲಿ ಆನ್‌ಲೈನ್ ಪತ್ತೇದಾರರಿಂದ ಉಪಯೋಗ ಇದೆಯಾ?

ಇದೆ, ಆದರೆ ಊಹೆಯಿಂದ ಅಲ್ಲ. 2023ರ ಜನವರಿ 27ರಂದು ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬರು ನಾಯಿ ಜೊತೆ ವಾಕಿಂಗ್ ಹೋಗಿ ಕಾಣೆಯಾದರು. ಫೋನ್ ನದಿ ದಂಡೆಯ ಬೆಂಚಿನ ಮೇಲೆ ಸಿಕ್ಕಿತು, ಆಫೀಸ್ ಕಾಲ್ ಇನ್ನೂ ಕಟ್ ಆಗಿರಲಿಲ್ಲ. ಅಷ್ಟೇ ಸಾಕಾಯ್ತು, ಟಿಕ್‌ಟಾಕ್‌ನವರು ಊರಿಗೇ ಬಂದು ಕಂಡಕಂಡಲ್ಲಿ ವಿಡಿಯೊ ಮಾಡಿ, ಸುಮ್ನೆ ಏನೇನೋ ಅನುಮಾನ ಹಬ್ಬಿಸಿದರು, ಕೊನೆಗೆ ಪೊಲೀಸರೇ ಅವರನ್ನು ಚದುರಿಸಬೇಕಾಯಿತು. ಫೆಬ್ರವರಿ 19ಕ್ಕೆ ಅದೇ ವೈರ್ ನದಿಯಲ್ಲಿ ಶವ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿದ್ದು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಮನೆಯವರ ಪಾಡು ನೆನೆದರೆ ಸಂಕಟವಾಗುತ್ತದೆ. ಪೊಲೀಸರು ಮಾಹಿತಿ ಸರಿಯಾಗಿ ಕೊಡದಿದ್ದದ್ದೂ ಊಹಾಪೋಹ ಜಾಸ್ತಿಯಾಗಲು ಕಾರಣ.

2021ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಬೇರೆ ಥರ ಆಯಿತು. ಪ್ರವಾಸಕ್ಕೆ ಹೋಗಿದ್ದ ಕುಟುಂಬವೊಂದು ತಮ್ಮದೇ ವಿಡಿಯೊದಲ್ಲಿ ಕಾಣೆಯಾದ ಯುವತಿಯ ವ್ಯಾನ್ ಗುರುತಿಸಿ ಎಫ್‌ಬಿಐಗೆ ಕೊಟ್ಟಿತು. ಹುಡುಕಬೇಕಾದ ಜಾಗ ಅದರಿಂದ ಕಿರಿದಾಯಿತು.