ರೇಡಿಯೇಟರ್ ಹೊಸದು, ಆದರೂ ಘಾಟಿಯಲ್ಲಿ ಬಿಸಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಕಾರಿನ ಸೋರುತ್ತಿದ್ದ ರೇಡಿಯೇಟರ್ ತೆಗೆಸಿ ಹೊಸದು ಹಾಕಿಸಿದೆ. ಪೇಟೆಯೊಳಗೆ ತೊಂದರೆಯಿಲ್ಲ. ಕುಮಟಾದಿಂದ ಬರುವಾಗ ದೇವಿಮನೆ ಘಾಟಿ ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಮೆಕ್ಯಾನಿಕ್ ಈಗ ವಾಟರ್ ಪಂಪ್ ಬದಲಿಸಬೇಕು ಅನ್ನುತ್ತಿದ್ದಾರೆ. ಹೌದಾ?

ಉತ್ತರ: ಪಂಪಿಗೆ ದುಡ್ಡು ಹಾಕುವುದನ್ನು ಸ್ವಲ್ಪ ತಡೆಯಿರಿ. ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಹೀಟರ್. ಇಂಜಿನ್ ಅಷ್ಟು ಬಿಸಿಯಾಗಿಯೂ ಹೀಟರ್ ತಣ್ಣಗಿದೆ ಅಂದರೆ ಬಿಸಿ ಕೂಲಂಟ್ (ಇಂಜಿನ್ ತಂಪಿಡುವ ದ್ರವ) ಅಲ್ಲಿಯವರೆಗೆ ಹೋಗುತ್ತಲೇ ಇಲ್ಲ. ಕೂಲಂಟನ್ನು ಸುತ್ತಿಸುವ ಪಂಪ್ ಕೆಟ್ಟರೂ ಹೀಗಾಗಬಹುದು. ಆದರೆ ರಿಪೇರಿಯಾದ ಮೇಲೆ ಶುರುವಾದ ಗುಳುಗುಳು ಸದ್ದು ಕೇಳಿದರೆ ಮೊದಲ ಅನುಮಾನ ಒಳಗೆ ಉಳಿದ ಗಾಳಿಯ ಮೇಲೆ.

ನಿಮ್ಮ ಕಡೆಯವರಿಗೆ ಇದು ಹೊಸದಲ್ಲ. ಗುಡ್ಡದ ಮೇಲಿನ ನೀರನ್ನು ಪೈಪ್ ಹಾಕಿ ತೋಟಕ್ಕೆ ತರುತ್ತೀರಲ್ವಾ? ಪೈಪ್ ಎಲ್ಲಿ ಉಬ್ಬಿದೆಯೋ ಅಲ್ಲಿ ಗಾಳಿ ಕೂತರೆ ನೀರು ನಿಲ್ಲುತ್ತದೆ. ಕಾರಿನಲ್ಲೂ ಗಾಳಿ ಎತ್ತರದ ಜಾಗವನ್ನೇ ಹಿಡಿಯುತ್ತದೆ: ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಹಿಂದೆ ಹೀಟರಿಗಿರುವ ಪುಟ್ಟ ರೇಡಿಯೇಟರ್), ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಇರುವ ಮೂಲೆ. ಕೂಲಂಟಿನಷ್ಟು ಶಾಖವನ್ನು ಗಾಳಿ ಹೊರಲಾರದು. ಪೇಟೆಯಲ್ಲಿ ಹೇಗೋ ಸುಧಾರಿಸಿದ್ದು ಘಾಟಿಯ ಭಾರಕ್ಕೆ ಬಯಲಾಗುತ್ತದೆ.

ಈ ಗಾಳಿಯನ್ನು ಮನೆಯಲ್ಲೇ ತೆಗೆಯಬಹುದು. ಇಂಜಿನ್ ಪೂರ್ತಿ ಆರಿದ ಮೇಲೆಯೇ ಕೂಲಂಟಿನ ಮುಚ್ಚಳ ಮುಟ್ಟಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ.

ಮನೆ ಮುಂದಿನ ಏರಿನಲ್ಲಿ ಕಾರಿನ ಮೂತಿ ಮೇಲಾಗುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕೂಲಂಟ್ ಹಾಕುವ ಬಾಯಿ ಎತ್ತರಕ್ಕೆ ಬರಬೇಕು, ಅಷ್ಟೇ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಹತ್ತಿರವೋ ಹೀಟರ್ ಹೋಸಿನ ಮೇಲೋ ಏರ್ ತೆಗೆಯುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ನಿಧಾನಕ್ಕೆ ಕೂಲಂಟ್ ಹಾಕುತ್ತಾ ಹೋಗಿ. ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿ ಮಾಡಿ. ಸ್ಕ್ರೂ ಪ್ಲಾಸ್ಟಿಕ್ಕಿನದಾದರೆ ಜೋಪಾನ, ತುಂಡಾದರೆ ಮತ್ತೆ ಗ್ಯಾರೇಜೇ ಗತಿ.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಬಾಯಿಗೆ ಲಾಳಿಕೆ ಇಟ್ಟಿರಿ, ಮುಖ ದೂರ ಇರಲಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಅದು ತೆರೆಯುವ ತನಕ ಗಾಳಿ ಪೂರ್ತಿ ಬರುವುದಿಲ್ಲ. ಎಷ್ಟೋ ಜನ ಇಲ್ಲೇ ಅವಸರ ಮಾಡಿ ಮುಚ್ಚಳ ಹಾಕಿಬಿಡುತ್ತಾರೆ. ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರಿನ ಮೇಲಿನ ಹೋಸ್ ಬಿಸಿಯಾಗಿ ಕೂಲಂಟ್ ಸಟ್ಟನೆ ಇಳಿಯುತ್ತದೆ. ಇಳಿದಷ್ಟು ತುಂಬಿ. ಫ್ಯಾನ್ ಒಮ್ಮೆ ತಿರುಗಿ ನಿಂತು, ಹೀಟರಿನಲ್ಲಿ ಬಿಸಿ ಗಾಳಿ ಬಂದರೆ ಕೆಲಸ ಆಯಿತು. ಮಾರನೇ ದಿನ ಬೆಳಿಗ್ಗೆ, ತಣ್ಣಗಿದ್ದಾಗ, ಮಟ್ಟ ಇನ್ನೊಮ್ಮೆ ನೋಡಿ.

ಸುಮ್ನೆ ಬಾವಿ ನೀರು ತುಂಬಿಸಬೇಡಿ. ಕರಾವಳಿಯಲ್ಲಂತೂ ಉಪ್ಪಿನಂಶದ ನೀರು ಅಲ್ಯುಮಿನಿಯಂ ರೇಡಿಯೇಟರನ್ನು ತಿಂದುಹಾಕುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟೇ ಇರಲಿ, ಬಣ್ಣ ನೋಡಿ ಕೊಳ್ಳಬೇಡಿ. ಚೆಲ್ಲಿದ್ದನ್ನು ತೊಳೆಯಿರಿ. ಅದರ ರುಚಿ ಸಿಹಿ, ನಾಯಿ, ಬೆಕ್ಕು, ದನಗಳಿಗೆ ವಿಷ.

ಎರಡು ಸಲ ಹೀಗೆ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ, ಹೊರಗೆ ಸೋರದೆಯೂ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ಹೊಗೆಯ ಅನಿಲ ಕೂಲಂಟಿಗೆ ನುಗ್ಗುತ್ತಿರಬಹುದು. ಪಂಪಿನ ಮಾತು ಅದಾದ ಮೇಲೆ. ಅಲ್ಲಿಯವರೆಗೆ ಕುಮಟಾಕ್ಕೆ ಬಸ್ಸಿನಲ್ಲಿ ಹೋಗಿಬನ್ನಿ.